ಹಳಿಯಾಚೆಯ ಚುಕ್ಕೆಗಳು

ನಾಯಿಯ ಕೊರಳಿಗೆ ಕಾಲರ್ ಕಟ್ಟುವಾಗ ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಡಬೇಕು. ಅದಕ್ಕಿಂತ ಬಿಗಿಯಾದರೆ ಉಸಿರಿಗೆ ತೊಂದರೆ. ಸಡಿಲವಾದರೆ ಮುಂಗಾಲಿನಿಂದ ಕೆರೆದು ಕೆರೆದು ಕಳಚಿಕೊಂಡುಬಿಡುತ್ತದೆ. ಇದನ್ನು ನನಗೆ ಕಲಿಸಿದವರು ಒಬ್ಬ ಪಶುವೈದ್ಯೆ. ವಯಸ್ಸಿನಲ್ಲಿ ನನ್ನ ಮಗಳಷ್ಟು ಚಿಕ್ಕವರು. ನಾನು ಅವರಿಗೆ ಮೇಡಂ ಎನ್ನುತ್ತಿದ್ದೆ, ಅವರು ನನಗೆ ಕಾಕಾ ಎನ್ನುತ್ತಿದ್ದರು. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದರು. ಅಲ್ಲಿಂದ ದಿನಾಲೂ ಸ್ಕೂಟರಿನ ಮೇಲೆ ಬೈರಿದೇವರಕೊಪ್ಪಕ್ಕೆ ಬರುತ್ತಿದ್ದರು.

ನಮ್ಮ ಕೆಲಸ ಬೀದಿನಾಯಿಗಳ ಸೀಮೆ ಗುರುತಿಸುವುದು. ಒಂದು ನಾಯಿ ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲಿಯವರೆಗೆ ಹೋಗಿ ತಿರುಗಿ ಬರುತ್ತದೆ ಎಂಬುದು ತಿಳಿದರೆ ಅದು ಯಾವ ಯಾವ ನಾಯಿಗಳ ಜೊತೆ ಬೆರೆಯುತ್ತದೆ ಎಂಬುದೂ ತಿಳಿಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಯಾವ ಓಣಿಗಳಿಗೆ ಒಟ್ಟಿಗೆ ಹಾಕಬೇಕು ಎಂಬುದು ಆ ಲೆಕ್ಕದ ಮೇಲೆ ನಿಂತಿತ್ತು. ಆ ಲೆಕ್ಕದೊಳಗೆ ನಾನು ಒಂದು ಸುಳ್ಳು ಸೇರಿಸಿದೆ. ಅದರಿಂದ ನನ್ನ ಸ್ವಂತ ತಮ್ಮ ಸಾವಿನ ಬಾಯಿಯ ಹತ್ತಿರ ಹೋಗಿಬಂದ. ಹೋಗಿಬಂದ ಎನ್ನುವುದು ಅವನ ಪುಣ್ಯ. ಕಳಿಸಿದವನು ನಾನು.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇಂಥ ಕೆಲಸ ಹೇಗೆ ಬಂತು ಎಂದು ಕೇಳುವವರಿದ್ದಾರೆ. ನಾಯಿ ಹಿಡಿಯುವುದು ನನಗೆ ಬರುತ್ತಿತ್ತು, ಅಷ್ಟೇ. ಗದರಿಸದೆ, ಓಡಿಸದೆ, ಬಿಸ್ಕಿಟು ಕೈಯಲ್ಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತರೆ ಅದೇ ಬರುತ್ತದೆ. ಬಂದಾಗ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ, ಮೊಣಕಾಲ ನಡುವೆ ಹಿಡಿದರೆ ಮೇಡಂ ಕಾಲರ್ ಹಾಕುತ್ತಿದ್ದರು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ನಾಯಿಗೂ ಮೊಬೈಲ್ ಕೊಡ್ಸಿದ್ರೇನ್ರಿ?" ಎಂದು ಒಬ್ಬಾಕೆ ಕೇಳಿದಳು.

"ಹೂಂನ್ರಿ, ಆದ್ರ ಅದು ನಿಮ್ಮ ಮಗನ್ಹಾಂಗ ಹಗಲೆಲ್ಲಾ ನೋಡಕೋತ ಕೂಡೂದಿಲ್ರಿ," ಎಂದೆ. ಎಲ್ಲರೂ ನಕ್ಕರು.

ಕಾಲರಿನಲ್ಲಿ ಒಂದು ಸಣ್ಣ ಡಬ್ಬಿ. ಅದು ಅರ್ಧ ತಾಸಿಗೊಮ್ಮೆ ಉಪಗ್ರಹಗಳ ಸಹಾಯದಿಂದ ತಾನಿರುವ ಜಾಗವನ್ನು ಬರೆದಿಟ್ಟುಕೊಳ್ಳುತ್ತದೆ. ಕೆಲವು ದಿನಕ್ಕೊಮ್ಮೆ ಅದರ ಬ್ಯಾಟರಿ ತೀರುತ್ತ ಬರುತ್ತಿತ್ತು. ಆಗ ನಾನು ಸಂಜೆ ಕಾಲರ್ ಬಿಚ್ಚಿ, ಮನೆಗೆ ಒಯ್ದು ಚಾರ್ಜ್ ಮಾಡಿ, ಮುಂಜಾನೆ ತಿರುಗಿ ಕಟ್ಟಬೇಕು. ಬಿಚ್ಚಿದ ಮೇಲೂ ಡಬ್ಬಿ ಬರೆಯುತ್ತಲೇ ಇರುತ್ತದೆ. ಅದು ನನ್ನ ಚೀಲದಲ್ಲಿದ್ದಾಗ ಬಿದ್ದ ಚುಕ್ಕೆಗಳು ನಾಯಿಯವಲ್ಲ, ನನ್ನವು. ಅವನ್ನು ಅಳಿಸಬೇಕು. ಯಾವಾಗ ಅದು ನಾಯಿಯ ಕೊರಳಲ್ಲಿತ್ತು, ಯಾವಾಗ ನನ್ನ ಚೀಲದಲ್ಲಿತ್ತು ಎಂದು ಹೇಳುವವನು ನಾನೊಬ್ಬನೇ. ನನ್ನ ಬಾಯಿಮಾತಿನ ಮೇಲೆ ಮೇಡಂ ಅಳಿಸುತ್ತಿದ್ದರು.

ಮೊದಮೊದಲು ಬರೀ ತಾಪತ್ರಯ. ಒಂದು ನಾಯಿ ಇನ್ನೊಂದರ ಕಾಲರ್ ಕಡಿದು ಹರಿದು ಹಾಕಿತು. ಒಂದು ಕಾಲರ್ ಗಟಾರಿನಲ್ಲಿ ಸಿಕ್ಕಿತು. ತಗಡಿನ ಚಪ್ಪರದ ಕೆಳಗೆ ಮಲಗಿದ ನಾಯಿಯ ಚುಕ್ಕೆಗಳು ನಕಾಶೆಯಲ್ಲಿ ಉಣಕಲ್ ಕೆರೆಯ ನಡುವೆ ಹೋಗಿ ಬಿದ್ದವು. ಅಂಥ ತಪ್ಪು ಚುಕ್ಕೆಗಳನ್ನು ತೆಗೆಯುವ ರೀತಿಯನ್ನು ಮೇಡಂ ಹೇಳಿಕೊಟ್ಟರು. ಒಂಟಿಯಾಗಿ ದೂರ ಹಾರಿ, ಮುಂದಿನ ಅರ್ಧ ತಾಸಿಗೆ ತಿರುಗಿ ಬಂದ ಚುಕ್ಕೆಯನ್ನು ಸಂಶಯದಿಂದ ನೋಡಬೇಕು. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿದ್ದರೆ ಅದು ಯಂತ್ರದ ತಪ್ಪಲ್ಲ. ಅಲ್ಲಿಗೆ ಹೋಗಿ, ಅಲ್ಲಿ ಏನಿದೆ, ಯಾರು ಅನ್ನ ಹಾಕುತ್ತಾರೆ ಎಂದು ಕೇಳಿಕೊಂಡು ಬರಬೇಕು. ಹೋದಲ್ಲೆಲ್ಲ ಮನೆಯವರಿಗೆ, ಯಾವುದಾದರೂ ನಾಯಿ ಮನುಷ್ಯರನ್ನೋ ದನವನ್ನೋ ಕಡಿದರೆ ತಕ್ಷಣ ತಿಳಿಸಿರಿ ಎಂದು ಹೇಳಿ ಬರುವುದೂ ನನ್ನ ಕೆಲಸವೇ.

ಸೀಮೆಯ ಲೆಕ್ಕವನ್ನು ಅವರು ನನಗೆ ತಿಳಿಯುವ ಹಾಗೆ ವಿವರಿಸಿದ್ದರು. ಹಲಗೆಯ ಮೇಲೆ ಮೊಳೆ ಹೊಡೆದು ಎಲ್ಲಕ್ಕಿಂತ ಹೊರಗಿನ ಮೊಳೆಗಳ ಸುತ್ತ ದಾರ ಎಳೆದರೆ ಒಂದು ಸೀಮೆ ಸಿಗುತ್ತದೆ. ಆದರೆ ಅದು ನಾಯಿ ಎಂದೂ ಕಾಲಿಡದ ಜಾಗವನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯದು ಇನ್ನೊಂದು.

"ಪ್ರತಿ ಚುಕ್ಕಿ ಮ್ಯಾಲೆ ಒಂದೊಂದು ಹಿಡಿ ಜ್ವಾಳ ಸುರುವ್ರಿ ಕಾಕಾ. ಚುಕ್ಕಿ ಒತ್ತೊತ್ತಾಗಿ ಇದ್ದಲ್ಲೆ ರಾಶಿ ಎತ್ತರ ಆಗ್ತದ. ತುದಿಗೆ ಅಲ್ಲೊಂದು ಇಲ್ಲೊಂದು ಚೆಲ್ಲಿದ ಕಾಳನ್ನ ಕಸಬರಗಿಲೆ ಗುಡಿಸಿಬಿಡ್ರಿ. ಉಳದದ್ದ ಅದರ ಸೀಮಿ."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಜೋಳದ ರಾಶಿ ನೋಡದವನಲ್ಲ ನಾನು.

ಕೆಂಚ ಎಂಬ ನಾಯಿಯ ಲೆಕ್ಕ ಬಂದಾಗ ಕೆಟ್ಟಿತು. ಕಂದುಬಣ್ಣ, ಹರಿದ ಕಿವಿ, ಹೊಸ ಲೇಔಟಿನ ಓಣಿಗಳಿಗೆಲ್ಲ ದೊರೆ. ಅವನ ಚುಕ್ಕೆಗಳು ನಾವು ಅಂದುಕೊಂಡಲ್ಲೇ ಬಿದ್ದಿದ್ದವು: ಖಾನಾವಳಿಯ ಹಿಂಭಾಗ, ಕಟ್ಟಡದ ಕೆಲಸದವರ ಜೋಪಡಿ, ಗುಡಿಯ ಕಟ್ಟೆ. ಆದರೆ ರೈಲು ಹಳಿಯ ಆಚೆ, ಗಾಮನಗಟ್ಟಿಯ ಕಡೆಗೆ ಹೊಲಗಳು ಶುರುವಾಗುವಲ್ಲಿ ಇನ್ನೊಂದು ಗುಂಪು ಇತ್ತು. ಎಲ್ಲವೂ ನಸುಕಿನ ಹೊತ್ತಿನವು. ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಉಪಗ್ರಹದ ಚಿತ್ರದಲ್ಲಿ ಒಂದು ಉದ್ದನೆಯ ಶೆಡ್ಡು, ಬಣವೆ, ಬದಿಗೆ ಹುಣಸೆಮರ ಕಂಡವು. ನಾನು ನೋಡಿದ ಕೂಡಲೇ ಗುರುತಿಸಿದೆ. ಅದು ನನ್ನ ತಮ್ಮನ ಎಮ್ಮೆಯ ಶೆಡ್ಡು. ಆ ತಗಡನ್ನು ಏರಿಸುವಾಗ ಒಂದು ತುದಿ ಹಿಡಿದವನು ನಾನೇ.

ತಮ್ಮನಿಗೂ ನನಗೂ ಮಾತಿರಲಿಲ್ಲ. ಕಾರಣ ಹೇಳಿದರೆ ಈಗ ನನಗೇ ನಾಚಿಕೆ. ಅವನ ಮಗಳ ನಿಶ್ಚಯಕ್ಕೆ ಅವನು ನನ್ನನ್ನು ಫೋನಿನಲ್ಲಿ ಕರೆದ. ನಮ್ಮಲ್ಲಿ ಹಿರಿಯಣ್ಣನ ಮನೆಗೆ ಗಂಡ-ಹೆಂಡತಿ ಬಂದು, ಕುಂಕುಮ ಹಚ್ಚಿ, ಎಲೆ-ಅಡಿಕೆ ಇಟ್ಟು ಕರೆಯಬೇಕು. ಅದೂ ಎಲ್ಲರಿಗಿಂತ ಮೊದಲು. "ಎಮ್ಮಿ ಈಯಾಕ ಬಂದೈತಿ ಅಣ್ಣಾ, ಬಿಟ್ಟ ಬರಾಕ ಆಗವಲ್ದು. ನೀ ಏನ್ ಹೊರಗಿನಾಂವೇನು?" ಎಂದಿದ್ದ. ನಾನು ನಿಶ್ಚಯಕ್ಕೂ ಹೋಗಲಿಲ್ಲ, ಮದುವೆಗೂ ಹೋಗಲಿಲ್ಲ. ಅವನು ಬಂದು ಕುಂಕುಮ ಹಚ್ಚುವವರೆಗೆ ಅವನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದೆ.

"ಈ ಜಾಗಾ ನೋಡಬೇಕಲ್ರಿ ಕಾಕಾ. ನಾಳೆ ನಾನೂ ಬರ್ತೇನಿ, ಇಬ್ಬರೂ ಹೋಗೋಣು," ಎಂದರು ಮೇಡಂ.

ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು. "ಅವು ನನ್ನ ಚುಕ್ಕಿ ರೀ ಮೇಡಂ. ಅದು ನನ್ನ ತಮ್ಮನ ಮನಿ. ಕಾಲರ್ ತಿರುಗಿ ಕಟ್ಟಾಕ ಹೋಗೂ ಮುಂದ ಅಲ್ಲಿ ಹಾಲಿಗೆ ಹೋಗತೇನ್ರಿ. ಡಬ್ಬಿ ಚೀಲದಾಗ ಇರತೈತಿ."

ಅವರು ಚುಕ್ಕೆಗಳ ನಡುವಿನ ದೂರ, ಹೊತ್ತು ನೋಡಿದರು. "ಗಾಡಿ ಮ್ಯಾಲೆ ಹೋದ್ಹಾಂಗ ಕಾಣೂದಿಲ್ಲಲ್ರಿ. ಭಾಳ ಸಾವಕಾಶ ಅದ."

"ನಡಕೋತ ಹೋಗತೇನ್ರಿ. ಹಳಿ ಕೆಳಗ ಮೋರಿ ಐತ್ರಿ, ಅಲ್ಲಿಂದ."

ಮೊದಲ ಸುಳ್ಳಿಗೆ ಎರಡನೆಯದು ಕಾವಲು ನಿಂತಿತು. ಆ ಮೋರಿಯಿಂದ ಹೋಗುತ್ತಿದ್ದವನು ಕೆಂಚ. ಬ್ಯಾಟರಿ ಚಾರ್ಜ್ ಮಾಡಿದ ದಿನಗಳಿಗಿಂತ ಆ ಮುಂಜಾನೆಗಳು ಹೆಚ್ಚಿದ್ದವು. ಅವರು ಎಣಿಸಿದ್ದರೆ ಸಿಕ್ಕಿಬೀಳುತ್ತಿದ್ದೆ. ಎಣಿಸಲಿಲ್ಲ. ನನ್ನ ಮೇಲೆ ಅಷ್ಟು ಭರವಸೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಸಂತೋಷವಾಗಿತ್ತು.

"ಛಲೋ ಆತು ನೋಡ್ರಿ. ದಿನಾ ಮುಂಜಾನೆ ತಮ್ಮನ ಮನಿಗೆ ನಡಕೋತ ಹೋಗೂ ಅಣ್ಣ ಈಗ ಎಲ್ಲಿ ಸಿಗ್ತಾನ?" ಎಂದು ಆ ಗುಂಪನ್ನು ಆರಿಸಿ ಅಳಿಸಿದರು. ತೆರೆಯ ಮೇಲಿನಿಂದ ಅವು ಹೋದದ್ದನ್ನು ನಾನು ನೋಡಿದೆ. ಆಗ ನನಗೆ ಅನಿಸಿದ್ದು ನಿರಾಳ. ಇದನ್ನೂ ಬರೆಯಬೇಕು.

ನಕಾಶೆ ತಯಾರಾಯಿತು. ಕೆಂಚನ ಸೀಮೆ, ಅವನ ಜೊತೆಯ ನಾಯಿಗಳ ಸೀಮೆ, ಎಲ್ಲ ರೈಲು ಹಳಿಗೆ ಬಂದು ನಿಂತವು. ಒಂದೂ ದಾಟಿರಲಿಲ್ಲ. ಹಳಿಯನ್ನೇ ಗಡಿ ಮಾಡಿದರೆ ಆಯಿತು ಎಂದು ಮೇಲಿನವರು ಒಪ್ಪಿದರು. ಇದ್ದ ಲಸಿಕೆ, ಇದ್ದ ಜನ, ಎಲ್ಲ ಈಚೆಗೆ. ನಾವು ಓಣಿ ಓಣಿ ತಿರುಗಿ ನಾಯಿ ಹಿಡಿದು, ಸೂಜಿ ಹಾಕಿ, ಬೆನ್ನಿಗೆ ಬಣ್ಣದ ಗುರುತು ಮಾಡಿ ಬಿಟ್ಟೆವು. ಕೆಂಚನನ್ನು ನಾನೇ ಹಿಡಿದೆ. ಸಂಜೆ ಹಳಿಯ ಹತ್ತಿರ ನಿಂತಾಗ ಆಚೆಯ ಹೊಲದಲ್ಲಿ ಗುರುತಿಲ್ಲದ ಮೂರು-ನಾಲ್ಕು ನಾಯಿಗಳು ಕಂಡವು. ಇನ್ನೊಬ್ಬ ಕೆಲಸಗಾರ, "ಅವು?" ಎಂದ. "ಅವು ನಮ್ಮ ನಕಾಶೆದಾಗ ಇಲ್ಲ," ಎಂದೆ.

ಹೇಳಲು ಆಮೇಲೂ ಎಷ್ಟೋ ಸಲ ಆಸ್ಪದವಿತ್ತು. ಮೇಡಂ ಹಾಲಿನ ಚಹಾ ಕುಡಿಯುವಾಗಲೆಲ್ಲ, "ನಿಮ್ಮ ತಮ್ಮನ ಎಮ್ಮಿ ಹೆಂಗವ್ರಿ?" ಎಂದು ಕೇಳುತ್ತಿದ್ದರು. "ಛಲೋ ಅದಾವ್ರಿ," ಎನ್ನುತ್ತಿದ್ದೆ. ನಾನು ನೋಡಿರದ ಎಮ್ಮೆಗಳ ಕ್ಷೇಮ ಹೇಳುವುದು ನನಗೆ ರೂಢಿಯಾಯಿತು.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮೇಡಂಗೆ ಫೋನ್ ಬಂತು. ಒಂದು ಎಮ್ಮೆ ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ಒಂದೇ ಸಮ ಒದರುತ್ತಿದೆ ಎಂದು ಯಾರೋ ಹೇಳಿದ್ದರು. ಜಾಗ ಕಳಿಸಿದ್ದರು. ಮೇಡಂ ಮೊಬೈಲ್ ನೋಡಿ, "ಕಾಕಾ, ಇದು ನಿಮ್ಮ ತಮ್ಮನ ಮನಿ ಅಲ್ಲೇನ್ರಿ?" ಎಂದರು.

ಜೀಪಿನಲ್ಲಿ ಹೋದೆವು. ದಾರಿಯಲ್ಲೂ ನಿಜ ಹೇಳಲಿಲ್ಲ. ಮೇಡಂ ಜೀಪಿನ ಹಿಂದೆ ನಿಂತು ಗವಸು, ಬೂಟು ಹಾಕಿಕೊಳ್ಳುತ್ತಿದ್ದಾಗ ನಾನು ಮುಂದೆ ಹೋದೆ. ತಮ್ಮ ಶೆಡ್ಡಿನ ಬಾಯಲ್ಲಿ ನಿಂತಿದ್ದ. ಮೊದಲಿಗಿಂತ ಸೊರಗಿದ್ದ.

"ಏನಪಾ," ಎಂದ, "ಇವತ್ತ ಯಾರ ಕುಂಕುಮ ಹಚ್ಚಿ ಕರದ್ರು ನಿನಗ?"

ಒಳಗೆ ಎಮ್ಮೆ ಒದರುತ್ತಿತ್ತು. ದನ ಸಾಕಿದವರಿಗೆ ಹಸಿವಿನ ಒದರು ಗೊತ್ತು, ಕರುವಿಗಾಗಿ ಒದರುವುದು ಗೊತ್ತು. ಇದು ಯಾವುದೂ ಅಲ್ಲ. ಧ್ವನಿ ಒಡೆದು ಬೇರೆ ಪ್ರಾಣಿಯದೆಂಬಂತೆ ಕೇಳುತ್ತಿತ್ತು.

ಮೇಡಂ ಬಂದು ದೂರದಿಂದಲೇ ಎಮ್ಮೆಯನ್ನು ನೋಡಿದರು. ಹಿಂಗಾಲು ತೂರಾಡುತ್ತಿದ್ದವು. ಕೂಡಲೇ ಕೇಳಿದರು, "ಇದರ ಬಾಯಾಗ ಯಾರರೆ ಕೈ ಹಾಕೀರೇನ್ರಿ?"

"ನಾನ ಹಾಕೇನ್ರಿ," ಎಂದ ತಮ್ಮ. "ಗಂಟಲದಾಗ ಏನರೆ ಸಿಕ್ಕೈತೇನು ಅಂತ. ನಿನ್ನೆ ಎರಡ ಸಲ, ಇವತ್ತ ಒಮ್ಮೆ. ನನ್ನ ಹೇಣ್ತಿ ಬಾಯಿ ಹಿಡದ್ಲು, ನಾ ಮೊಣಕೈ ಮಟಾ ಹಾಕಿ ನೋಡೇನ್ರಿ. ಏನೂ ಸಿಗಲಿಲ್ಲ."

ಅವನ ಬೆರಳುಗಳ ತುಂಬ ಮೇವು ಕತ್ತರಿಸುವಾಗ ಆದ ಹಸಿ ಗಾಯ. ಮೇಡಂ ಅದನ್ನು ನೋಡಿದರು, ನಾನೂ ನೋಡಿದೆ. ಆ ಜೊಲ್ಲಿನಲ್ಲಿ ಏನಿರುತ್ತದೆ ಎಂದು ಇಷ್ಟು ದಿನ ಅವರ ಜೊತೆ ತಿರುಗಿದ ನನಗೆ ಗೊತ್ತಿತ್ತು. ರೋಗ ತೋರಿದ ಮೇಲೆ ಔಷಧವಿಲ್ಲ. ತೋರುವ ಮೊದಲೇ ಸೂಜಿ ಬೀಳಬೇಕು.

"ನಾಯಿ ಕಡದಿತ್ತೇನ್ರಿ ಇದಕ್ಕ?"

ತಮ್ಮನ ಹೆಂಡತಿ ನೆನಪು ಮಾಡಿಕೊಂಡಳು. ಒಂದೂವರೆ ತಿಂಗಳ ಹಿಂದೆ ಒಂದು ನಾಯಿ ಶೆಡ್ಡಿಗೆ ನುಗ್ಗಿ ಎಮ್ಮೆಯ ಮೂತಿಗೆ ಹಾರಿತ್ತು. "ಸಣ್ಣ ಗಾಯ ರೀ. ಅರಿಷಿಣ ಹಚ್ಚಿದ್ವಿ, ಮಾಯ್ತು. ಇದನ್ನ ಯಾರಿಗೆ ಹೇಳಬೇಕ್ರಿ?"

ನಮಗೆ ಹೇಳಬೇಕಿತ್ತು. ಹೇಳಿರಿ ಎಂದು ಅವರಿಗೆ ತಿಳಿಸಬೇಕಾದವನು ನಾನಾಗಿದ್ದೆ.

ಮೇಡಂ ಮೆತ್ತಗೆ ತಮ್ಮನಿಗೆ ಹೇಳಿದರು, "ನಿಮ್ಮಣ್ಣ ದಿನಾ ಹಾಲಿಗೆ ಇಲ್ಲೇ ಬರ್ತಾರಲ್ರಿ, ಅವರಿಗರೆ ಹೇಳಬಾರದಾಗಿತ್ತೇನು? ನನಗ ಅಂದ ಗೊತ್ತಾಗ್ತಿತ್ತು."

ತಮ್ಮ ನನ್ನ ಮುಖ ನೋಡಿದ. ಅವನ ಹೆಂಡತಿ ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ.

"ಹೌದ್ರಿ, ಬರತಾನ," ಎಂದ. "ನನಗ ಹೇಳೂದ ಮರತ ಹೋತ್ರಿ. ಅವನ ತಪ್ಪಲ್ಲ."

ಯಾವ ಸುಳ್ಳು, ಯಾಕೆ ಸುಳ್ಳು ಎಂದು ತಿಳಿಯದೆಯೇ ಅವನು ಪರಕೀಯರ ಮುಂದೆ ಅಣ್ಣನ ಮಾನ ಕಾದ. ಆ ಸುಳ್ಳೇ ತನ್ನ ಗಾಯದೊಳಗೆ ಕೂತಿರಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅಲ್ಲಿಗೆ ಮುಗಿಸಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೇಡಂ ಆಗಲೇ ಮುಂದಿನ ಪ್ರಶ್ನೆಗೆ ಹೋಗಿದ್ದರು: ಇಲ್ಲಿ ಯಾವ ನಾಯಿಗಳು ಬರುತ್ತವೆ, ಎಷ್ಟು ಬರುತ್ತವೆ, ಎತ್ತ ಹೋಗುತ್ತವೆ? ನಕಾಶೆ ತೆರೆದು, "ಹಳಿ ಈಚೆ ನಾಯಿ ಈ ಕಡೆ ಬರೂದಿಲ್ಲ. ಅಂದ್ರ ಈ ಹೊಲದ ಕಡೆ ಅಷ್ಟ ಹುಡಕಿದ್ರ ಸಾಕು," ಎಂದು ತಮಗೆ ತಾವೇ ಹೇಳಿಕೊಂಡರು. ನನ್ನ ಸುಳ್ಳು ಮತ್ತೊಮ್ಮೆ ಕೆಲಸ ಮಾಡುವುದರಲ್ಲಿತ್ತು.

"ಬರತಾವ್ರಿ ಮೇಡಂ," ಎಂದೆ. "ಕೆಂಚ ಬರತಾನ. ಅವನ ಹಿಂದ ಉಳದಾವೂ ಬರತಿರಬೇಕು. ಆ ಚುಕ್ಕಿ ನನ್ನವಲ್ರಿ. ನಾ ಈ ಮನಿಗೆ ಬಂದಿದ್ದ ಇಲ್ಲ."

"ಎಲ್ಲಾ ಚುಕ್ಕಿ?"

"ಎಲ್ಲಾನೂ ರೀ."

ತಮ್ಮನ ಹೆಂಡತಿ, "ಕೊರಳಾಗ ಪಟ್ಟಿ ಇದ್ದ ಕೆಂದನ್ನ ನಾಯೇನ್ರಿ ಭಾವಾರ?" ಎಂದಳು. "ಹಾಲ ಹಿಂಡೂ ಹೊತ್ತಿಗೆ ಬರತೈತಲ್ರಿ. ನೊರಿ ಹಾಕತೇನಿ. ಯಾರೋ ದೊಡ್ಡವರ ಮನಿದು ಅಂತ ತಿಳಕೊಂಡಿದ್ವಿ."

ಮೇಡಂ ನನ್ನನ್ನು ಬೈಯಲಿಲ್ಲ. "ಇವರಿಬ್ಬರದೂ ಮೊದಲ ಕೈ ಸಾಬಣಾ ಹಚ್ಚಿ ತೊಳಸ್ರಿ, ಹರಿಯೂ ನೀರಾಗ, ಭಾಳೊತ್ತು. ಆಮ್ಯಾಲೆ ಸೀದಾ ದವಾಖಾನಿಗೆ ಕರಕೊಂಡ ಹೋಗ್ರಿ. ನಿಮ್ಮ ಮಾತು ನಾಳೆ." ಅಲ್ಲಿಯವರೆಗೆ ಪ್ರತಿ ಮಾತಿಗೂ ಇರುತ್ತಿದ್ದ ಕಾಕಾ ಎಂಬುದು ಅದರಲ್ಲಿ ಇರಲಿಲ್ಲ.

ಹುಬ್ಬಳ್ಳಿಯ ಸರಕಾರಿ ದವಾಖಾನೆಯಲ್ಲಿ ಸಾಲು ಉದ್ದವಿತ್ತು. ತಮ್ಮನ ಹೆಂಡತಿ ಹೆಣ್ಣುಮಕ್ಕಳ ಕಡೆ ಹೋದಳು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ನಾನು ಎಲ್ಲ ಹೇಳಿದೆ: ಚುಕ್ಕೆ, ಡಬ್ಬಿ, ಅಳಿಸಿದ್ದು, ಹಳಿಯನ್ನು ಗಡಿ ಮಾಡಿದ್ದು. ಅವನು ನಡುವೆ ಎರಡೇ ಮಾತು ಕೇಳಿದ.

"ಅಂದ್ರ ನಿಮ್ಮ ಮಂದಿ ನನ್ನ ಮನಿಗೆ ಬರೂದಿತ್ತು?"

"ಹೌದು."

"ಈ ಕಡೆ ನಾಯಿಗೂ ಸೂಜಿ ಹಾಕವ್ರಿದ್ರು?"

"ಹಾಕಬೌದಿತ್ತು."

ಗಾಯದ ಸುತ್ತ ಸೀರಂ ಚುಚ್ಚುವಾಗ ಅವನು ಹಲ್ಲು ಕಚ್ಚಿ ಗೋಡೆ ನೋಡಿದ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ಕೊಡವಲೂ ಇಲ್ಲ, ಒರಗಲೂ ಇಲ್ಲ. ಹೊರಗೆ ಬಂದ ಮೇಲೆ ಹೇಳಿದ, "ನೀ ಸಿಟ್ಟ ಮಾಡಿ ಬರಲಿಲ್ಲ, ಅದು ಆತು. ಅಣ್ಣ ಅದೀ, ಸಿಟ್ಟಿಗೆ ನಿನಗ ಹಕ್ಕೈತಿ. ನೀ ಬರದಿದ್ರ ಬ್ಯಾಡಾಗಿತ್ತು, ಆ ಡಾಕ್ಟರ್ ಹುಡುಗಿನ್ನರೆ ಕಳಸಬೇಕಿತ್ತಲ್ಲೋ."

ಎಮ್ಮೆ ಮರುದಿನವೇ ಸತ್ತಿತು. ಪರೀಕ್ಷೆಗೆ ಕಳಿಸಿದ್ದರಲ್ಲಿ ಹುಚ್ಚುನಾಯಿ ರೋಗವೇ ಎಂದು ಬಂತು. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹುಗಿದೆವು. ಮೇಡಂ ಮೂಲದ ಚುಕ್ಕೆಗಳನ್ನು ಬೇರೆ ಕಡೆ ಉಳಿಸಿಟ್ಟಿದ್ದರು. ಅಳಿಸಿದ್ದು ಲೆಕ್ಕದಿಂದ ಮಾತ್ರ. ತಿರುಗಿ ಸೇರಿಸಿ ನಕಾಶೆ ಬರೆದಾಗ ಕೆಂಚನ ಸೀಮೆ ಮೋರಿಯ ಹತ್ತಿರ ಸಣ್ಣಗಾಗಿ, ಹಳಿ ದಾಟಿ, ತಮ್ಮನ ಶೆಡ್ಡಿನ ಮೇಲೆ ಮತ್ತೆ ಕಪ್ಪಗೆ ಎತ್ತರವಾಯಿತು. ತಪ್ಪು ಎಲ್ಲಿ, ಯಾರಿಂದ ಎಂದು ಮೇಲಿನವರಿಗೆ ನಾನೇ ಹೋಗಿ ಹೇಳಿದೆ. ಕೆಲಸದಿಂದ ತೆಗೆಯಲಿಲ್ಲ. ಆದರೆ ಜಾಗ ನೋಡಿ ಬರುವ ಕೆಲಸ ನನ್ನದಲ್ಲವಾಯಿತು. ಕಾಲರ್ ಬಿಚ್ಚುವಾಗ, ಕಟ್ಟುವಾಗ ಈಗ ಇನ್ನೊಬ್ಬರು ಜೊತೆಗಿರುತ್ತಾರೆ. ಅದು ಸರಿ.

ಆಚೆಯ ನಾಯಿಗಳಿಗೆಲ್ಲ ಲಸಿಕೆ ಹಾಕಿದೆವು. ಹಿಡಿದವನು ನಾನೇ. ಮೊದಲೇ ಹಾಕಿದ್ದರೆ ಎಮ್ಮೆ ಉಳಿಯುತ್ತಿತ್ತೇ ಎಂದು ಮೇಡಂ ಅವರನ್ನು ಕೇಳಿದೆ. "ಹೇಳಾಕ ಬರೂದಿಲ್ಲ. ಬ್ಯಾರೆ ಕಡಿಂದ ಬಂದ ನಾಯಿನೂ ಇರಬೌದು," ಎಂದರು. ಆಮೇಲೆ, "ಆದ್ರ ನಾವು ಮೊದಲ ಹೋಗಿ ಹೇಳಿದ್ರ ಅವರು ಅಷ್ಟು ಸಲ ಬಾಯಾಗ ಕೈ ಹಾಕ್ತಿದ್ದಿಲ್ಲ," ಎಂದರು. ಈ ಎರಡು ಮಾತಿನಲ್ಲಿ ಮೊದಲನೆಯದನ್ನು ಹಿಡಿದುಕೊಳ್ಳಲು ಮನಸ್ಸು ಹೋಗುತ್ತದೆ. ಹಿಡಿದುಕೊಳ್ಳಬಾರದು ಎಂದು ತಿಳಿದಿದೆ.

ತಮ್ಮ, ಅವನ ಹೆಂಡತಿ ಎಲ್ಲ ಸೂಜಿಗಳನ್ನೂ ಮುಗಿಸಿದರು. ಪ್ರತಿ ಸಲವೂ ನಾನೇ ಕರೆದುಕೊಂಡು ಹೋದೆ. ಇಬ್ಬರೂ ಗಟ್ಟಿಯಾಗಿದ್ದಾರೆ. ಆದರೆ ಸುದ್ದಿ ತಮ್ಮ ಹಾಲು ಹಾಕುತ್ತಿದ್ದ ಲೇಔಟಿನ ಮನೆಮನೆಗೂ ಹೋಗಿತ್ತು. ಕಾಯಿಸಿದ ಹಾಲಿನಿಂದ ಏನೂ ಆಗುವುದಿಲ್ಲ ಎಂದು ಮೇಡಂ ಬಾಗಿಲು ಬಾಗಿಲಿಗೆ ಹೋಗಿ ಹೇಳಿದರು. ಜನ ಹೂಂ ಎಂದರು, ಪಾತ್ರೆ ಮಾತ್ರ ಹೊರಗೆ ಇಡಲಿಲ್ಲ. ಉಳಿದ ಎಮ್ಮೆಗಳನ್ನು ತಮ್ಮ ದೂರದ ಊರಿನವನೊಬ್ಬನಿಗೆ ಕೊಟ್ಟ. ಈಗ ಅದೇ ಲೇಔಟಿನ ಗೇಟಿನಲ್ಲಿ ಕಾವಲಿಗೆ ನಿಲ್ಲುತ್ತಾನೆ.

ಹೋದ ವಾರ ಅವನ ಮನೆಗೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಅವನು ಕೆಲಸದಿಂದ ಆಗ ತಾನೇ ಬಂದಿದ್ದ. "ಕೂಡು," ಎಂದ. ನಾವು ಮಳೆಯ ಮಾತು, ಅವನ ಮಗಳ ಮಾತು ಆಡಿದೆವು. ಅವನ ಹೆಂಡತಿ ಒಳಗೆ ಹೋಗಿ ಕತ್ತರಿಯಿಂದ ಪಾಕೀಟು ಕತ್ತರಿಸಿದ್ದು ಕೇಳಿಸಿತು. ನಮ್ಮ ಅಪ್ಪನ ಕಾಲದಿಂದ ಆ ಮನೆಯವರು ಹಾಲು ಕೊಂಡವರಲ್ಲ. ಚಹಾ ತಂದಿಟ್ಟು, "ತೆಳ್ಳಗ ಆಗೇತ್ರಿ ಭಾವಾರ," ಎಂದಳು. ಛಲೋ ಐತಿ ಎಂದು ಹೇಳಲು ಬಾಯಿ ತೆರೆದೆ. ಆ ಮನೆಯಲ್ಲಿ ಇನ್ನೊಂದು ಸುಳ್ಳು ಬೇಡವೆನಿಸಿತು. ಸುಮ್ಮನೆ ಕುಡಿದೆ.